ಥೈರಾಯ್ಡ್ ಕಮ್ಮಿ ಇದ್ದವರು ತೂಕ ಇಳಿಸೋದು ಹೇಗೆ? ಮುದ್ದೆ ಬಿಡದೆ, ಹೊಟ್ಟೆ ಕಟ್ಟದೆ

ತುಮಕೂರಿನ ನಮ್ಮ ಬೀದಿಯಲ್ಲಿ ಸಂಜೆ ಜಗಲಿ ಮೇಲೆ ಹೂ ಕಟ್ಟುತ್ತಾ ಕೂರುವವರು ಎಂಟು ಜನ. ಅದರಲ್ಲಿ ನಾಲ್ಕು ಜನಕ್ಕೆ ಥೈರಾಯ್ಡ್ ಕಮ್ಮಿ. ಎಲ್ಲಿಂದ ಶುರುವಾದರೂ ಮಾತು ಕೊನೆಗೆ ಬಂದು ನಿಲ್ಲುವುದು ತೂಕದ ಹತ್ತಿರ. "ನಾನು ತಿನ್ನೋದೇ ಇಷ್ಟು ಕಣ್ರೀ, ಆದರೂ ದಪ್ಪ ಆಗ್ತಾನೇ ಇದ್ದೀನಿ" ಅಂತ ಒಬ್ಬರು. "ಥೈರಾಯ್ಡ್ ಬಂದಮೇಲೆ ಮುಗೀತು, ಇನ್ನು ಇಳಿಯಲ್ಲ ಬಿಡಿ" ಅಂತ ಇನ್ನೊಬ್ಬರು.

ಈ ಎರಡೂ ಮಾತನ್ನು ನಾನೂ ಆಡಿದ್ದೇನೆ. ನನಗೆ ಗೊತ್ತಾಗಿ ಈಗ ಒಂಬತ್ತು ವರ್ಷ. ಆಗ 76 ಕೆಜಿ ಇದ್ದೆ. ಈಗ 66. ಇಳಿಸಲು ಹಿಡಿದದ್ದು ಒಂದೂವರೆ ವರ್ಷ. ಆಮೇಲೆ ನಾಲ್ಕು ವರ್ಷದಿಂದ ಒಂದು ಕೆಜಿ ಆಚೀಚೆ ಅಷ್ಟೇ. ಮುದ್ದೆ ಬಿಡಲಿಲ್ಲ, ಕಾಫಿ ಬಿಡಲಿಲ್ಲ, ಯಾವ ಪುಡಿಯನ್ನೂ ಕುಡಿಯಲಿಲ್ಲ. ಆದರೆ ಮಾಡಿದ ಕೆಲಸಗಳನ್ನು ಒಂದು ಕ್ರಮದಲ್ಲಿ ಮಾಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆಯ ಡೋಸ್ ವಿಷಯ ಬಂದಲ್ಲೆಲ್ಲ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಮೊದಲ ಹೆಜ್ಜೆ: ಮಾತ್ರೆ ಮೈಗೆ ಹತ್ತುತ್ತಿದೆಯಾ ನೋಡಿ

ಊಟಕ್ಕಿಂತ ಮುಂಚೆ ಇದು. ಇದು ಸರಿ ಇಲ್ಲದಿದ್ದರೆ ಮುಂದಿನದ್ದು ಏನು ಮಾಡಿದರೂ ಸುಮ್ನೆ ಕಷ್ಟ.

ಕುತ್ತಿಗೆಯ ಮುಂದೆ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದು ಬಿಡುವ ಹಾರ್ಮೋನು ಕಮ್ಮಿಯಾದರೆ ಮೈಯ ಎಲ್ಲ ಕೆಲಸವೂ ನಿಧಾನ. ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಖ ಊದಿಕೊಳ್ಳುವುದು ಎಲ್ಲ ಅದರಿಂದಲೇ. ಗ್ರಂಥಿ ಕೊಡದೆ ಉಳಿಸಿದ ಹಾರ್ಮೋನನ್ನು ಮಾತ್ರೆ ಕೊಡುತ್ತದೆ. ಆದರೆ ಈ ಮಾತ್ರೆ ಬಹಳ ಸೂಕ್ಷ್ಮ. ಹೊಟ್ಟೆಯಲ್ಲಿ ಬೇರೇನಾದರೂ ಇದ್ದರೆ ಪೂರ್ತಿ ಹೀರಿಕೊಳ್ಳುವುದಿಲ್ಲ.

ನನ್ನ ಕಥೆ ಕೇಳಿ. ಟಿಎಸ್‌ಎಚ್ ಅನ್ನುವುದು ಈ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಥೈರಾಯ್ಡ್ ಕಮ್ಮಿಯಾದರೆ ರಕ್ತದ ಟೆಸ್ಟಿನಲ್ಲಿ ಇದು ಜಾಸ್ತಿ ತೋರಿಸುತ್ತದೆ. ಮೊದಲ ಸಲ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 22 ಇತ್ತು. 50 ಮೈಕ್ರೋಗ್ರಾಂ ಮಾತ್ರೆ ಕೊಟ್ಟರು. ಇಳಿಯಲಿಲ್ಲ ಅಂತ 75 ಮಾಡಿದರು, ಆಮೇಲೆ 100. ಒಂದು ವರ್ಷವಾದರೂ ಟಿಎಸ್‌ಎಚ್ 11ರಲ್ಲೇ ಇತ್ತು. "ಮಾತ್ರೆ ಹೇಗೆ ತಗೋತೀಯಮ್ಮ?" ಅಂತ ಆ ಒಂದು ವರ್ಷದಲ್ಲಿ ಯಾರೂ ಕೇಳಲಿಲ್ಲ. ನಾನು ಬೆಳಗ್ಗೆ ಎದ್ದು ಫಿಲ್ಟರ್ ಕಾಫಿ ಜೊತೆಗೆ ನುಂಗುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಮಂಡಿ ನೋವಿಗೆ ಅಂತ ಕ್ಯಾಲ್ಸಿಯಂ ಮಾತ್ರೆ. ಬಾಟಲಿ ಇಟ್ಟಿದ್ದು ಒಲೆಯ ಮೇಲಿನ ಗೂಡಿನಲ್ಲಿ, ಹಬೆ ಬಡಿಯುವ ಜಾಗದಲ್ಲಿ. ಆಮೇಲೆ ತೋರಿಸಿಕೊಂಡ ಬೇರೆ ಡಾಕ್ಟರಮ್ಮ ಮೊದಲು ಕೇಳಿದ್ದೇ ಇದನ್ನ. ತೆಗೆದುಕೊಳ್ಳುವ ರೀತಿ ಬದಲಿಸಿದೆ ಅಷ್ಟೇ. ಎರಡು ತಿಂಗಳಿಗೆ ಟಿಎಸ್‌ಎಚ್ 0.3ಕ್ಕೆ ಬಂತು, ಡೋಸ್ ಜಾಸ್ತಿಯಾಯಿತು ಅಂತ 75ಕ್ಕೆ ಇಳಿಸಿದರು.

ಆದ್ದರಿಂದ ಹೀಗೆ ಮಾಡಿ. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಮಾತ್ರೆ ನುಂಗಿ. ಆಮೇಲೆ ಒಂದು ಗಂಟೆ ಏನೂ ಬೇಡ. ತೀರಾ ಆಗದಿದ್ದರೆ ಅರ್ಧ ಗಂಟೆಯಾದರೂ ಬಿಡಿ. ಕಾಫಿ, ಟೀ, ಹಾಲು, ರಾಗಿ ಗಂಜಿ ಎಲ್ಲಕ್ಕೂ ಇದೇ ಲೆಕ್ಕ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಔಷಧಿ ಇವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಸೋಯಾ ತಿನ್ನುವವರು ಅದನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬಾಟಲಿಯನ್ನು ಬಿಸಿಲು, ಬಿಸಿ, ತೇವ ತಾಗದ ಕಡೆ ಇಡಿ. ನಾನು ದಿಂಬಿನ ಪಕ್ಕದ ಡ್ರಾಯರ್‌ನಲ್ಲಿ ಇಟ್ಟುಕೊಂಡು, ಒಂದು ಲೋಟ ನೀರು ಮುಚ್ಚಿಟ್ಟು ಮಲಗುತ್ತೇನೆ. ಐದೂವರೆಗೆ ಎಚ್ಚರವಾದಾಗ ನುಂಗುತ್ತೇನೆ. ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹೂ ಕಿತ್ತು ತರುವಷ್ಟರಲ್ಲಿ ಕಾಫಿ ಹೊತ್ತು ಬಂದಿರುತ್ತದೆ. ಬೆಳಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಆದಮೇಲೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಶನಿವಾರ, ಏಕಾದಶಿ ಅಂತ ಒಪ್ಪತ್ತು ಇರುವವರು ಆ ದಿನವೂ ಮಾತ್ರೆ ಬಿಡಬೇಡಿ. ಡೋಸ್ ಬದಲಾದರೆ ಅಥವಾ ಮಾತ್ರೆಯ ಕಂಪನಿ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ನೋಡಿಸಿ. ಅದಕ್ಕಿಂತ ಮುಂಚೆ ನೋಡಿಸಿದರೆ ನಿಜವಾದ ಲೆಕ್ಕ ಸಿಗುವುದಿಲ್ಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಟೆಸ್ಟಿಗೆ ಮುಂಚೆ ಅದನ್ನು ಡಾಕ್ಟರಿಗೆ ಹೇಳಿ. ಅದು ರಕ್ತದ ರಿಪೋರ್ಟನ್ನೇ ತಪ್ಪು ತೋರಿಸಬಹುದು. ಎರಡು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ.

ಎರಡನೆಯದು: ತೂಕದಲ್ಲಿ ಥೈರಾಯ್ಡಿನ ಪಾಲು ಎಷ್ಟು?

ಇದನ್ನು ಕೇಳಿದಾಗ ನನಗೆ ಮೊದಲು ಬೇಜಾರಾಯಿತು, ಆಮೇಲೆ ಧೈರ್ಯ ಬಂತು. ಥೈರಾಯ್ಡ್ ಕಮ್ಮಿಯಾಗುವುದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆಜಿ. ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಮಾತ್ರೆ ಸರಿಯಾಗಿ ಹತ್ತಿದ ಮೇಲೆ ಇಷ್ಟು ಹೆಚ್ಚುಕಡಿಮೆ ತಾನಾಗಿ ಇಳಿಯುತ್ತದೆ. ನನಗೆ ಇಳಿದದ್ದು ಮೂರು ಕೆಜಿ. ಮುಖದ ಊತ ಹೋಯಿತು, ಬೆರಳಿನ ಉಂಗುರ ಸಡಿಲವಾಯಿತು.

ಮಿಕ್ಕ ಏಳು ಕೆಜಿ ತಟ್ಟೆಯಿಂದ ಬಂದದ್ದು. ಮೈ ಸುಸ್ತಾಗಿದ್ದ ಆ ವರ್ಷಗಳಲ್ಲಿ ಓಡಾಟ ಕಮ್ಮಿಯಾಯಿತು, ಊಟ ಮಾತ್ರ ಹಾಗೇ ಇತ್ತು. ಇದನ್ನು ತಪ್ಪು ಅಂತ ಯಾರ ಮೇಲೂ ಹೊರಿಸಬೇಕಿಲ್ಲ. ಆದರೆ ತಟ್ಟೆಯಿಂದ ಬಂದದ್ದು ತಟ್ಟೆಯಿಂದಲೇ ಹೋಗಬೇಕು.

ಇಲ್ಲಿ ಒಂದು ಅಪಾಯದ ಮಾತು. ಬೇಗ ಇಳಿಯಲಿ ಅಂತ ಮಾತ್ರೆಯನ್ನು ತಾವೇ ಜಾಸ್ತಿ ಮಾಡಿಕೊಳ್ಳುವವರು ಇದ್ದಾರೆ. ದಯವಿಟ್ಟು ಬೇಡ. ಹಾರ್ಮೋನು ಜಾಸ್ತಿಯಾದರೆ ಎದೆಬಡಿತ ತಾಳ ತಪ್ಪುತ್ತದೆ, ಕೈ ನಡುಗುತ್ತದೆ, ವರ್ಷಗಟ್ಟಲೆ ಹಾಗೇ ಆದರೆ ಮೂಳೆ ಸವೆಯುತ್ತದೆ.

ಮೂರನೆಯದು: ಒಂದು ವಾರ ಏನೂ ಬದಲಿಸದೆ ಬರೆಯಿರಿ

ಒಂದು ಹಳೆಯ ನೋಟ್‌ಬುಕ್ ಸಾಕು. ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಮಗು ಬಿಟ್ಟ ಅರ್ಧ ದೋಸೆ, ಒಗ್ಗರಣೆ ಹಾಕುವಾಗ ಬಾಯಿಗೆ ಎಸೆದುಕೊಂಡ ಕಡಲೆಬೀಜ, ಪಕ್ಕದ ಮನೆಯವರು ಕೊಟ್ಟ ಚಕ್ಕುಲಿ, ಎಲ್ಲ.

ನಾನು ಬರೆದಾಗ ಕಂಡದ್ದು ಎರಡು. ಒಂದು ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕೂವರೆ ಲೀಟರ್ ಖರ್ಚಾಗುತ್ತಿತ್ತು. ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸಿದರೆ ಎಷ್ಟು ಬಿತ್ತು ಅಂತ ಯಾರಿಗೆ ಗೊತ್ತಾಗುತ್ತೆ? ಒಂದು ದಿನ ಬಗ್ಗಿಸುವ ಮುಂಚೆ ಬಟ್ಟಲಿಗೆ ಹಾಕಿ ಚಮಚದಲ್ಲಿ ಅಳೆದೆ. ಬೀನ್ಸ್ ಪಲ್ಯದ ಒಗ್ಗರಣೆಗೆ ಆರು ದೊಡ್ಡ ಚಮಚ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಅಂದರೆ ಪಲ್ಯದ ಎಣ್ಣೆಯೊಂದೇ 700 ದಾಟಿತು. ಈಗ ಕ್ಯಾನಿಗೆ ಕೈ ಹಾಕುವುದಿಲ್ಲ. ಒಲೆ ಪಕ್ಕ ಚಿಕ್ಕ ಸ್ಟೀಲ್ ಡಬ್ಬಿ, ಅದರೊಳಗೆ ಒಂದು ಚಮಚ. ಪಲ್ಯಕ್ಕೆ ಎರಡು ಚಮಚ, ಸಾರಿನ ಒಗ್ಗರಣೆಗೆ ಒಂದು. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಸಾಸಿವೆ ಸಿಡಿಯಲು ಅಷ್ಟು ಎಣ್ಣೆ ಸಾಕು.

ಇನ್ನೊಂದು ಕಾಯಿ. ತಿಪಟೂರಿನ ತೆಂಗು ಬೆಳೆಯುವ ಜಿಲ್ಲೆ ನಮ್ಮದು, ಕಾಯಿ ಇಲ್ಲದೆ ಅಡುಗೆ ಏಳುವುದಿಲ್ಲ. ಚಟ್ನಿಗೆ ಅರ್ಧ ಹೋಳು, ಸಾರಿಗೆ ಅರ್ಧ ಹೋಳು, ಪಲ್ಯದ ಮೇಲೆ ಒಂದು ಹಿಡಿ. 100 ಗ್ರಾಂ ಕಾಯಿತುರಿಯಲ್ಲಿ 350ರಿಂದ 400 ಕ್ಯಾಲೊರಿ ಇದೆ. ಒಣ ಕೊಬ್ಬರಿಯಲ್ಲಿ 600ಕ್ಕೂ ಜಾಸ್ತಿ. ಕಾಯಿ ಬಿಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ದಿನಕ್ಕೆ ಒಂದು ಅಡುಗೆಗೆ ಮಾತ್ರ ಕಾಯಿ ಅಂತ ಮಾಡಿಕೊಂಡೆ. ಬೆಳಗ್ಗೆ ಕಾಯಿ ಚಟ್ನಿ ಆದರೆ ಮಧ್ಯಾಹ್ನ ಬೇಳೆ ಕಟ್ಟಿನ ಸಾರು. ಚಟ್ನಿಗೂ ಅರ್ಧ ಕಾಯಿ, ಅರ್ಧ ಹುರಿಗಡಲೆ ಮತ್ತು ಪುದೀನ ಹಾಕಿದರೆ ರುಚಿ ಕೆಡುವುದಿಲ್ಲ.

ನಾಲ್ಕನೆಯದು: ಮುದ್ದೆ ಚಿಕ್ಕದು, ಸಾರು ದೊಡ್ಡದು

ನಮ್ಮ ಕಡೆ ಊಟದಲ್ಲಿ ಮುದ್ದೆ ದೊಡ್ಡದು, ಸಾರು ಅದನ್ನು ಜಾರಿಸಲು ಬೇಕಾದಷ್ಟು, ಪಲ್ಯ ಎಲೆಯ ಮೂಲೆಯಲ್ಲಿ ಒಂದು ಚಿಟಿಕೆ. ಹೊಲದಲ್ಲಿ ದಿನವೆಲ್ಲ ಗೇಯುವವರಿಗೆ ಅದು ಸರಿ. ಮನೆಯಲ್ಲಿ, ಆಫೀಸಿನಲ್ಲಿ ಕೂತಿರುವ ನಮಗೆ ಜಾಸ್ತಿ.

ನಮ್ಮ ಮನೆಯಲ್ಲಿ ಕಾಲು ಕೆಜಿ ರಾಗಿ ಹಿಟ್ಟಿಗೆ ಮೂರು ಮುದ್ದೆ ಕಟ್ಟುತ್ತಿದ್ದೆವು. ಒಂದರಲ್ಲಿ ಸುಮಾರು 265 ಕ್ಯಾಲೊರಿ. ಅದೇ ಹಿಟ್ಟಿಗೆ ನಾಲ್ಕು ಕಟ್ಟಿದೆ, ಒಂದು 200ಕ್ಕೆ ಬಂತು. ಮೊದಲ ದಿನ ಅತ್ತೆ ನನ್ನ ತಟ್ಟೆ ನೋಡಿ, "ಏನಮ್ಮ, ಮಗೀಗೆ ಕಟ್ಟಿದಂಗೆ ಕಟ್ಟಿದ್ದೀಯ?" ಅಂದರು. "ಸಾರು ಎರಡು ಸೌಟು ಜಾಸ್ತಿ ಹಾಕ್ಕೊಂಡಿದ್ದೀನಿ ಅತ್ತೆ, ಹೊಟ್ಟೆ ತುಂಬುತ್ತೆ" ಅಂದೆ. ನಿಜವಾಗಿ ತುಂಬಿತು. ಯಾಕೆ ಅಂದರೆ ಆ ಸಾರು ತೆಳ್ಳಗಿರಲಿಲ್ಲ.

ಗುಟ್ಟು ಇರುವುದು ಇಲ್ಲೇ. ಸಾರಿನಲ್ಲಿ ಕಾಳು ಮತ್ತು ಸೊಪ್ಪು ಗಟ್ಟಿಯಾಗಿ ಇರಬೇಕು. ನಮ್ಮ ಬಸ್ಸಾರನ್ನೇ ನೋಡಿ. ಹುರಳಿಕಾಳೋ ಅಲಸಂದೆಯೋ ಬೇಯಿಸಿ, ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಹಾಕಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳು ಸೊಪ್ಪಿನಲ್ಲಿ ಪಲ್ಯ. ತೂಕ ಇಳಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಹುರಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು. ಕಾಳಿನ ಪ್ರೋಟೀನು, ಸೊಪ್ಪಿನ ನಾರು ಎರಡೂ ಸೇರಿದರೆ ನಾಲ್ಕು ಗಂಟೆ ಹಸಿವು ಸುಳಿಯುವುದಿಲ್ಲ. ಥೈರಾಯ್ಡ್ ಕಮ್ಮಿ ಇದ್ದವರನ್ನು ಕಾಡುವ ಮಲಬದ್ಧತೆಗೂ ಇದೇ ಮದ್ದು, ಜೊತೆಗೆ ಚೆನ್ನಾಗಿ ನೀರು ಕುಡಿದರೆ. ಪಲ್ಯವನ್ನು ಚಿಟಿಕೆ ಲೆಕ್ಕ ಬಿಟ್ಟು ಒಂದು ಬಟ್ಟಲು ತುಂಬ ಹಾಕಿಕೊಳ್ಳಿ.

ಪ್ರೋಟೀನು ಎಷ್ಟು ಬೇಕು ಅಂದರೆ, ಮೈತೂಕದ ಒಂದು ಕೆಜಿಗೆ ದಿನಕ್ಕೆ 0.8ರಿಂದ 1 ಗ್ರಾಂ. 60 ಕೆಜಿ ಇದ್ದವರಿಗೆ 50ರಿಂದ 60 ಗ್ರಾಂ. ಅನ್ನ ಸಾರು ಮಾತ್ರ ತಿಂದರೆ ಇದು ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಒಂದು ಲೋಟ ಹಾಲಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ಸುಲಭ. ತಿನ್ನದವರು ಮೂರು ಹೊತ್ತಲ್ಲೂ ಕಾಳು, ಬೇಳೆ, ಮೊಸರಿನಲ್ಲಿ ಒಂದಾದರೂ ಇರುವ ಹಾಗೆ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಹಿತಕಬೇಳೆ ಸಾರು ಮಾಡಿ, ಧಾರಾಳವಾಗಿ ತಿನ್ನಿ. ಅದರಲ್ಲಿ ಕಾಯಿ ಮತ್ತು ಎಣ್ಣೆ ಎಷ್ಟು ಅಂತ ಮಾತ್ರ ಗಮನ ಇರಲಿ.

ನನ್ನ ಒಂದು ದಿನ ಹೀಗಿರುತ್ತದೆ. ಆರೂವರೆಗೆ ಕಾಫಿ, ಅರ್ಧ ಚಮಚ ಸಕ್ಕರೆ. ಎಂಟೂವರೆಗೆ ಎರಡು ಇಡ್ಲಿ ಮತ್ತು ತರಕಾರಿ ತುಂಬಿದ ಸಾಂಬಾರು, ಇಲ್ಲವೇ ಬೀನ್ಸ್ ಕ್ಯಾರೆಟ್ ಅರ್ಧಕ್ಕರ್ಧ ಹಾಕಿದ ಉಪ್ಪಿಟ್ಟು, ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಒಂದು ಚಿಕ್ಕ ಮುದ್ದೆ, ಕಾಳು ಸಾರು, ಒಂದು ಬಟ್ಟಲು ಪಲ್ಯ, ನೀರು ಮಜ್ಜಿಗೆ. ಮುದ್ದೆ ಉಂಡ ದಿನ ಅನ್ನ ಇಲ್ಲ. ಮುದ್ದೆ ಆದಮೇಲೆ "ಒಂದು ತುತ್ತು ಮೊಸರನ್ನ" ಅನ್ನುವ ಅಭ್ಯಾಸ ಬಿಡಲು ನನಗೆ ಮೂರು ತಿಂಗಳು ಹಿಡಿಯಿತು. ಸಂಜೆ ಒಂದು ಸೀಬೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ. ರಾತ್ರಿ ಎಂಟರೊಳಗೆ ಎರಡು ಚಪಾತಿ ಎಣ್ಣೆ ಸವರದೆ, ಮತ್ತೆ ಕಾಳು ಅಥವಾ ತರಕಾರಿ. ಕಡಲೆಬೀಜ ಒಳ್ಳೆಯದೇ, ಆದರೆ ಒಂದು ಹಿಡಿಯಲ್ಲೇ 160 ಕ್ಯಾಲೊರಿ ಹತ್ತಿರ ಇರುತ್ತದೆ, ಟಿವಿ ಮುಂದೆ ತಟ್ಟೆ ಇಟ್ಟುಕೊಂಡು ಕೂರಬೇಡಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ಐದನೆಯದು: ಕೋಸು, ಮೂಲಂಗಿ, ರಾಗಿ, ಉಪ್ಪು

"ಥೈರಾಯ್ಡ್ ಇದ್ದವರು ಎಲೆಕೋಸು ಮುಟ್ಟಬಾರದು" ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಇವುಗಳಲ್ಲಿ ಗ್ರಂಥಿ ಅಯೋಡಿನ್ ಬಳಸಿಕೊಳ್ಳುವುದಕ್ಕೆ ಅಡ್ಡ ಬರುವ ಅಂಶ ಇರುವುದು ನಿಜ. ಆದರೆ ಬೇಯಿಸಿದಾಗ ಅದು ಬಹಳ ಕಮ್ಮಿಯಾಗುತ್ತದೆ. ವಾರಕ್ಕೆ ಎರಡು ಸಲ ಬೇಯಿಸಿ ತಿನ್ನುವುದರಿಂದ ಏನೂ ಆಗುವುದಿಲ್ಲ. ಹಸಿ ಕೋಸಿನ ರಸ ದಿನಾ ಕುಡಿಯುವುದು ಮಾತ್ರ ಬೇಡ. ಮಾತ್ರೆ ತೆಗೆದುಕೊಳ್ಳುವವರಿಗೆ ಹಾರ್ಮೋನು ಹೇಗೂ ಮಾತ್ರೆಯಿಂದ ಬರುತ್ತಿದೆ, ಹಾಗಾಗಿ ಚಿಂತೆ ಇನ್ನೂ ಕಮ್ಮಿ.

ಸಿರಿಧಾನ್ಯದ ಬಗ್ಗೆಯೂ ಇದೇ ಭಯ. ಈ ಮಾತು ಬಂದದ್ದು ಮುಖ್ಯವಾಗಿ ಸಜ್ಜೆಯಿಂದ. ಸಜ್ಜೆಯೇ ಮುಖ್ಯ ಊಟವಾಗಿದ್ದು ಅಯೋಡಿನ್ ಕೊರತೆಯೂ ಇರುವ ಕಡೆ ಗಳಗಂಡ ಕಾಣಿಸಿಕೊಂಡಿತ್ತು. ಅದನ್ನು ನಮ್ಮ ಒಂದು ಹೊತ್ತಿನ ರಾಗಿ ಮುದ್ದೆಗೆ ತಳುಕು ಹಾಕಬೇಕಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಬೆಳಗಿನ ಮಾತ್ರೆಗೆ ಹತ್ತಿರ ಬೇಡ ಅಷ್ಟೇ.

ಉಪ್ಪಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಅದು ನಮಗೆ ಮುಖ್ಯವಾಗಿ ಸಿಗುವುದು ಅಯೋಡಿನ್ ಸೇರಿಸಿದ ಉಪ್ಪಿನಿಂದ. ಈಚೆಗೆ ಸೈಂಧವ ಲವಣ, ಗುಲಾಬಿ ಉಪ್ಪು ಅಂತ ದುಡ್ಡು ಜಾಸ್ತಿ ಕೊಟ್ಟು ತರುತ್ತಾರೆ. ಅದರಲ್ಲಿ ಅಯೋಡಿನ್ ಇರುವುದು ಇಲ್ಲವೆನ್ನುವಷ್ಟು ಕಮ್ಮಿ. ಪ್ಯಾಕೆಟ್ ಮೇಲೆ ಅಯೋಡಿನ್ ಉಪ್ಪು ಅಂತ ಬರೆದಿರುವುದನ್ನೇ ತನ್ನಿ, ಮುಚ್ಚಳ ಇರುವ ಡಬ್ಬಿಯಲ್ಲಿಡಿ, ಆದಷ್ಟು ಅಡುಗೆಯ ಕೊನೆಗೆ ಹಾಕಿ. ಹಾಗಂತ ಉಪ್ಪು ಜಾಸ್ತಿ ತಿನ್ನಬೇಕಿಲ್ಲ. ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ ಇರಲಿ. ಅಯೋಡಿನ್ ಮಾತ್ರೆ, ಸಮುದ್ರ ಪಾಚಿಯ ಮಾತ್ರೆ ತಾವಾಗಿ ನುಂಗಬೇಡಿ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ. ಕೊತ್ತಂಬರಿ ಬೀಜದ ನೀರು ಕುಡಿದರೆ ಥೈರಾಯ್ಡ್ ಹೋಗುತ್ತೆ ಅಂತ ನಂಬಿ ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ. ನೀರು ಬೇಕಾದರೆ ಕುಡಿಯಿರಿ, ಮಾತ್ರೆಯಾಗಿ ಒಂದು ಗಂಟೆ ಬಿಟ್ಟು. ಮಾತ್ರೆ ಬಿಡಬೇಡಿ.

ಆರನೆಯದು: ಹೊರಗಿನ ತಿಂಡಿ, ಹಬ್ಬ

ಕ್ಯಾತ್ಸಂದ್ರದ ಮೇಲೆ ಹೋಗುವಾಗ ತಟ್ಟೆ ಇಡ್ಲಿ ತಿನ್ನದೆ ಬರುವುದು ಹೇಗೆ? ತಿನ್ನಿ. ಒಂದು ತಟ್ಟೆ ಇಡ್ಲಿಯಲ್ಲಿ ಮನೆಯ ಇಡ್ಲಿ ಎರಡು ಮೂರರ ಹಿಟ್ಟಿರುತ್ತದೆ. ಒಂದೇ ಸಾಕು, ಬೆಣ್ಣೆ ಬೇಡ ಅನ್ನಿ, ವಡೆ ಯಾರ ಜೊತೆಗಾದರೂ ಹಂಚಿಕೊಳ್ಳಿ. ಯುಗಾದಿಗೆ ಒಂದು ಹೋಳಿಗೆ ತುಪ್ಪದ ಜೊತೆ ಸಂತೋಷವಾಗಿ ತಿಂದು, ರಾತ್ರಿ ಬರೀ ಮಜ್ಜಿಗೆ, ಸೌತೆಕಾಯಿ, ಸ್ವಲ್ಪ ಸಾರು. ತೂಕ ಏರುವುದು ಹಬ್ಬದ ದಿನಕ್ಕಿಂತ ಜಾಸ್ತಿ, ಹಬ್ಬ ಕಳೆದು ವಾರವಿಡೀ ಡಬ್ಬಿಯಲ್ಲಿ ಉಳಿಯುವ ತಿಂಡಿಯಿಂದ. ಮಾರನೆ ದಿನವೇ ಹಂಚಿಬಿಡಿ.

ಏಳನೆಯದು: ನಡೆಯಿರಿ

ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಕಾಲಿಗೆ ಬಲ ಬರುತ್ತದೆ. ಅದಕ್ಕಿಂತ ಮುಂಚೆ ಓಡಲು ಹೋಗಿ ಸುಸ್ತಾಗಿ ಬಿದ್ದು, "ನನ್ನ ಕೈಲಾಗಲ್ಲ" ಅಂತ ಬಿಟ್ಟವರೇ ಜಾಸ್ತಿ. ನಾನು ಹತ್ತು ನಿಮಿಷದಿಂದ ಶುರು ಮಾಡಿದೆ. ಈಗ ಅಮಾನಿಕೆರೆ ದಡದಲ್ಲಿ ವಾರಕ್ಕೆ ಐದು ದಿನ, ಅರ್ಧ ಗಂಟೆ. ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು. ತೂಕ ಇಳಿಯುವಾಗ ಮಾಂಸಖಂಡ ಕರಗದಿರಲು ಇದು ಬೇಕು.

ಎಂಟನೆಯದು: ವಾರಕ್ಕೊಂದೇ ಸಲ ತೂಕ ನೋಡಿ

ಸೋಮವಾರ ಬೆಳಗ್ಗೆ, ಶೌಚಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ. ದಿನಾ ನೋಡಿದರೆ ಉಪ್ಪು, ನೀರು, ಮುಟ್ಟಿನ ದಿನಗಳ ಏರಿಳಿತ ಕಂಡು ಮನಸ್ಸು ಕೆಡುತ್ತದೆ. ಟೇಪಿನಲ್ಲಿ ಹೊಕ್ಕುಳ ಮಟ್ಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಬರೆದುಕೊಳ್ಳಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅನ್ನುವುದು ನಮ್ಮ ದೇಶದವರಿಗೆ ಹಾಕಿಕೊಟ್ಟ ಗೆರೆ. ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಇಳಿದರೆ ಚೆನ್ನಾಗಿ ಹೋಗುತ್ತಿದೆ ಅಂತ ಅರ್ಥ.

ಎರಡು ತಿಂಗಳು ನೆಟ್ಟಗೆ ಮಾಡಿಯೂ ಮುಳ್ಳು ಅಲ್ಲಾಡದಿದ್ದರೆ ಊಟ ಇನ್ನೂ ಕಮ್ಮಿ ಮಾಡಬೇಡಿ. ಟಿಎಸ್‌ಎಚ್ ಮತ್ತೆ ನೋಡಿಸಿ, ಸಕ್ಕರೆ ಕಾಯಿಲೆ, ಪಿಸಿಒಡಿ (ಹೆಂಗಸರ ಅಂಡಾಶಯದ ಹಾರ್ಮೋನು ತೊಂದರೆ) ಇದೆಯಾ ಅಂತಲೂ ಕೇಳಿ. ಎದೆ ನೋವು, ಸುಮ್ನೆ ಕೂತಾಗಲೂ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭಿಣಿಯಾಗಿದ್ದರೆ, ಅಥವಾ ಮುಟ್ಟು ತಪ್ಪಿ ಅನುಮಾನ ಇದ್ದರೂ, ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಆ ವಾರವೇ ಡಾಕ್ಟರನ್ನು ನೋಡಿ. ಆಗ ಮಾತ್ರೆಯ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾನು ಮೂರು ಸಾಲು ಎಳೆದಿದ್ದೇನೆ: ತಾರೀಕು, ತೂಕ, ಟಿಎಸ್‌ಎಚ್. ಡಾಕ್ಟರಮ್ಮನ ಹತ್ತಿರ ಹೋದಾಗ ಬೇರೆ ಮಾತಿಲ್ಲ, ಆ ಹಾಳೆ ತೆರೆದು ಮೇಜಿನ ಮೇಲೆ ಇಡುತ್ತೇನೆ.